ಹೆಸರು ಬರೆದಿಟ್ಟುಕೊಳ್ಳದ ಮಲಯಾಳಂ ಸಿನಿಮಾ

ಭಾನುವಾರ, ೨೯ ಸೆಪ್ಟೆಂಬರ್ ೨೦೧೯. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ದಿನಚರಿಯಲ್ಲಿ ಜುಲೈ ಇಪ್ಪತ್ತೊಂದರ ಪುಟ ತೆರೆದರೆ ನನಗೇ ನಗು ಬರುತ್ತದೆ. ಅವತ್ತು ಅಪ್ಪನನ್ನು ಕರೆದುಕೊಂಡು ಯಲಹಂಕದ ಮಾಲೊಂದಕ್ಕೆ ಸಿನಿಮಾ ನೋಡಲು ಹೋಗಿದ್ದೆ. ಆಟ ಶುರುವಾದದ್ದು ಹನ್ನೊಂದೂವರೆಗೆ, ಕೂತದ್ದು ಎಫ್ ಸಾಲಿನಲ್ಲಿ, ಮುಂದಿನ ಸಾಲಿನಲ್ಲಿ ಅತ್ತ ಮಗು ಒಂದು, ಅಪ್ಪ ಬಿಟ್ಟ ನಿಟ್ಟುಸಿರು ಒಂಬತ್ತು ಎಂದೆಲ್ಲ ನೀಟಾಗಿ ಬರೆದಿದೆ. ಸಿನಿಮಾದ ಹೆಸರು ಮಾತ್ರ ಇಲ್ಲ. ‘ಮಲಯಾಳಂ ಚಿತ್ರ’ ಎಂದಷ್ಟೇ ಇದೆ. ಹೆಸರು ಉದ್ದವಾಗಿತ್ತು, ನಾಲಿಗೆ ಎರಡು ಸಲ ಮಡಚಿಕೊಳ್ಳುವಂತಿತ್ತು, ಮನೆಗೆ ಹೋದಮೇಲೆ ಟಿಕೆಟ್ ನೋಡಿ ಬರೆದರಾಯಿತು ಅಂದುಕೊಂಡಿದ್ದೆ. ಟಿಕೆಟ್ ಅಂಗಿಯ ಜೊತೆ ಒಗೆಯಲು ಹೋಯಿತು. ಒಂದು ವಾರದಲ್ಲಿ ಸಿನಿಮಾವೂ ಮಾಲಿನಿಂದ ಹೋಯಿತು.

ಎಣಿಸುವುದು ನನಗೆ ಚಟ ಎಂದು ಅಮ್ಮ ಹೇಳುತ್ತಾಳೆ. ಅದು ನನ್ನ ಕಸುಬು ಎಂದು ನಾನು ಹೇಳುತ್ತೇನೆ. ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಬೆಳಗಿನಿಂದ ಸಂಜೆಯವರೆಗೆ ಪರರ ಮೊಣಕಾಲು, ಸೊಂಟ, ಭುಜಗಳನ್ನು ಎತ್ತಿ ಇಳಿಸುತ್ತಾ ‘ಒಂದು, ಎರಡು, ಮೂರು’ ಎನ್ನುವುದೇ ನನ್ನ ಕೆಲಸ. ಹಾಗೆ ಎಣಿಸುತ್ತಾ ಒಂದು ಸಂಗತಿ ಕಂಡುಕೊಂಡಿದ್ದೇನೆ. ಹೆಂಗಸರಿಗೆ ಎಲ್ಲಿ ನೋವು ಎಂದು ಕೇಳಿದರೆ ಒಂದು ಕಥೆ ಸಿಗುತ್ತದೆ. ಅಟ್ಟದಿಂದ ಬೇಳೆ ಡಬ್ಬ ಇಳಿಸುವಾಗ ಶುರುವಾಗಿದ್ದು, ನಾದಿನಿ ಮದುವೆಯ ಓಡಾಟದಲ್ಲಿ ಜಾಸ್ತಿಯಾಗಿದ್ದು, ಈಗ ಜಡೆ ಹಾಕಿಕೊಳ್ಳಲೂ ಆಗದಿರುವುದು, ಎಲ್ಲವೂ ಕ್ರಮವಾಗಿ ಬರುತ್ತದೆ. ಗಂಡಸರನ್ನು ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ಏನಿಲ್ಲದವರು ಆಟೋ ಮಾಡಿಸಿಕೊಂಡು ಇಲ್ಲಿಗೆ ಯಾಕೆ ಬಂದರೋ! ಅದಕ್ಕೇ ನಾನು ಪ್ರಶ್ನೆಯನ್ನು ಗಂಡನಿಗೆ ಕೇಳಿ, ಉತ್ತರವನ್ನು ಹಿಂದೆ ನಿಂತ ಹೆಂಡತಿಯ ಮುಖದಲ್ಲಿ ಓದುತ್ತೇನೆ. ಗಂಡಸಿನ ನೋವು ಬಹಳ ಸಲ ಅವನ ಹೆಂಡತಿಯ ಹುಬ್ಬಿನಲ್ಲಿರುತ್ತದೆ.

ನಮ್ಮ ಮನೆಯ ‘ಏನಿಲ್ಲ’ ಅಪ್ಪನದು. ಏಪ್ರಿಲ್‌ನಿಂದ ಅವರ ಬಲಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಭುಜ ಬಿಗಿದುಕೊಂಡಿದೆ ಎಂದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಅಮ್ಮ ಅಂಗಿ ತೊಡಿಸುವುದನ್ನು ಕಂಡಿದ್ದೆ. ಅಪ್ಪ ಮಾತ್ರ ‘ಏನಿಲ್ಲ, ಚಳಿಗೆ ಇಡ್ಕೊಂಡೈತೆ’ ಅಂದರು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಯಾವ ಮೂಲೆಯಲ್ಲಿ ಚಳಿ ಇತ್ತೋ ನಾನು ಕೇಳಲಿಲ್ಲ. ನಿತ್ಯ ಹತ್ತಾರು ಅಪರಿಚಿತರ ತೋಳು ಹಿಡಿಯುವ ನಾನು ಅಪ್ಪನ ತೋಳು ಹಿಡಿದಿರಲಿಲ್ಲ. ಒಮ್ಮೆ ಕೈಚಾಚಿದಾಗ, ‘ನೀನ್ ಒಂದ್ ಎರ್ಡ್ ಅನ್ನಾದು, ನಾನ್ ಕೈ ಎತ್ತಾದು, ಸ್ಕೂಲಾ ಇದು?’ ಎಂದು ಪೇಪರ್ ಬಿಡಿಸಿಕೊಂಡರು. ಎಡಗೈಯಲ್ಲಿ.

ಭುಜದ ಬಗ್ಗೆ ಎರಡು ಮಾತು ಹೇಳಲು ಅಪ್ಪಣೆ ಕೊಡಿ, ಓದಿದ ತಪ್ಪಿಗೆ ಬಾಯಿ ಸುಮ್ಮನಿರುವುದಿಲ್ಲ. ಮೈಯಲ್ಲಿ ಇಷ್ಟು ಕಡೆಗೆ ತಿರುಗುವ ಕೀಲು ಇನ್ನೊಂದಿಲ್ಲ. ಆದರೆ ನೋವಾಗುತ್ತದೆಂದು ಅದನ್ನು ಅಲ್ಲಾಡಿಸದೆ ಇಟ್ಟರೆ ಸುತ್ತಲಿನ ಪೊರೆ ಬಿಗಿಯುತ್ತದೆ. ಬಿಗಿದಷ್ಟೂ ನೋವು ಹೆಚ್ಚು, ನೋವು ಹೆಚ್ಚಿದಷ್ಟೂ ಅಲ್ಲಾಡಿಸುವುದು ಕಮ್ಮಿ. ಕೊನೆಗೆ ಅದು ತನ್ನಷ್ಟಕ್ಕೆ ಏಳುವುದೇ ಇಲ್ಲ, ಇನ್ನೊಬ್ಬರು ಹಿಡಿದು ಎತ್ತಬೇಕಾಗುತ್ತದೆ. ಕಾಲೇಜಿನಲ್ಲಿ ಇದನ್ನು ಓದುವಾಗ ನನಗೆ ಅಪ್ಪ ಮತ್ತು ಚಿಕ್ಕಪ್ಪ ನೆನಪಾಗಿದ್ದರು. ಉತ್ತರಪತ್ರಿಕೆಯಲ್ಲಿ ಅದನ್ನು ಬರೆಯಲಿಲ್ಲ, ಬರೆದಿದ್ದರೆ ಅಂಕ ಸಿಗುತ್ತಿರಲಿಲ್ಲ.

ನಮ್ಮದು ವಿದ್ಯಾರಣ್ಯಪುರದ ಆಚೆಗಿನ ಹಳೆಯ ಊರು. ಈಗ ಬಡಾವಣೆಗಳ ನಡುವೆ ಸಿಕ್ಕಿಕೊಂಡಿದೆ, ಬಸ್ಸಿನ ಬೋರ್ಡಿನಲ್ಲಿ ಅದರ ಹೆಸರೂ ಇರುವುದಿಲ್ಲ. ತಾತನ ಹೊಲ ಹೋಗಿ ಸೈಟುಗಳಾದಾಗ ಅಪ್ಪ ಮತ್ತು ಚಿಕ್ಕಪ್ಪ ಒಂದಕ್ಕೊಂದು ಅಂಟಿದಂತೆ ಎರಡು ಮನೆ ಕಟ್ಟಿದರು. ಮಹಡಿಗಳ ನಡುವೆ ಸೊಂಟದೆತ್ತರದ ಒಂದೇ ಗೋಡೆ. ೨೦೧೨ರಲ್ಲಿ ಚಿಕ್ಕಪ್ಪ ಕಾರು ನಿಲ್ಲಿಸುವ ಜಾಗಕ್ಕಾಗಿ ತಾತ ನೆಟ್ಟಿದ್ದ ಹುಣಸೆಮರವನ್ನು ಕಡಿಸಿದರು, ಅಣ್ಣನಿಗೆ ಒಂದು ಮಾತು ಹೇಳದೆ. ಅಪ್ಪ ನಾಲ್ಕು ಜನರೆದುರು ‘ನೀನು ನಮ್ಮಪ್ಪನ್ ಮಗಾನೇ ಅಲ್ಲ’ ಅಂದರು. ಮರವೂ ಮತ್ತೆ ನಿಲ್ಲಲಿಲ್ಲ, ಮಾತೂ ವಾಪಸಾಗಲಿಲ್ಲ. ಏಳು ವರ್ಷ ಅವರಿಬ್ಬರೂ ಮಾತಾಡಲಿಲ್ಲ. ಅಮ್ಮ, ಚಿಕ್ಕಮ್ಮ ಅದೇ ಗೋಡೆಯ ಮೇಲೆ ಬಸ್ಸಾರಿನ ಪಾತ್ರೆ, ಸೀರೆಯ ಬ್ಲೌಸ್ ಪೀಸು, ಊರಿನ ಸುದ್ದಿ ಎಲ್ಲವನ್ನೂ ದಾಟಿಸುತ್ತಿದ್ದರು. ಆ ಗೋಡೆ ಗಂಡಸರಿಗೆ ಮಾತ್ರ ಎತ್ತರವಾಗಿತ್ತು. ಅಪ್ಪನ ಬಾಯಲ್ಲಿ ತಮ್ಮನಿಗೆ ಹೆಸರೂ ಇರಲಿಲ್ಲ, ‘ಪಕ್ಕದ್ಮನೆಯೋನು’ ಅಷ್ಟೇ.

ಈಗ ಸಿನಿಮಾಕ್ಕೆ ಬರುತ್ತೇನೆ. ನಾವು ಹೋದದ್ದು ಒಂದು ಕನ್ನಡ ಚಿತ್ರಕ್ಕೆ. ಅದು ಹೌಸ್‌ಫುಲ್. ಪಕ್ಕದ ಪರದೆಯಲ್ಲಿ ಮಲಯಾಳಂ ಚಿತ್ರಕ್ಕೆ ಸೀಟುಗಳಿದ್ದವು. ಅಪ್ಪ, ‘ಬಂದಿದ್ದಾಯ್ತು, ಏಸಿ ಐತಲ್ಲ, ನಡಿ’ ಅಂದರು. ಕೆಳಗೆ ಇಂಗ್ಲಿಷಿನಲ್ಲಿ ಬರುವ ಅಕ್ಷರಗಳನ್ನು ನಾನು ಅವರ ಕಿವಿಯಲ್ಲಿ ಕನ್ನಡ ಮಾಡಿ ಹೇಳಬೇಕು ಎಂದು ಒಪ್ಪಂದವಾಯಿತು. ಹತ್ತು ನಿಮಿಷದಲ್ಲಿ ಅವರೇ ನನ್ನನ್ನು ತಡೆದರು. ಬಿಸಿಮುದ್ದೆ ಬಾಯಲ್ಲಿಟ್ಟುಕೊಂಡು ನಮ್ಮ ಭಾಷೆಯನ್ನೇ ಆಡುತ್ತಿದ್ದಾರೆ, ಎಲ್ಲ ತಿಳಿಯುತ್ತದೆ, ನೀನು ಸುಮ್ಮನಿರು ಎಂದರು.

ಕಥೆ ಇಷ್ಟು. ಬೆಟ್ಟದ ಮೇಲಿನ ಒಂದು ಸಣ್ಣ ಪೇಟೆ. ಮದುವೆಗಳಲ್ಲಿ ಬಾರಿಸುವ ಬ್ಯಾಂಡ್‌ಸೆಟ್ಟಿನ ಮನೆ. ಅಣ್ಣ ತುತ್ತೂರಿ ಊದುತ್ತಾನೆ, ತಮ್ಮ ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಬಾರಿಸುತ್ತಾನೆ. ಅಣ್ಣನಿಗೆ ಭಾರೀ ಮೀಸೆ. ಮನೆಯಲ್ಲಿ ಅವನು ಉಂಡ ಮೇಲೆ ಉಳಿದವರ ಊಟ. ಟಿ.ವಿ. ರಿಮೋಟ್ ಅವನ ಲುಂಗಿಯ ಮಡಿಕೆಯಲ್ಲೇ ಇರುತ್ತದೆ. ಹಾಗೆಂದು ಕೆಟ್ಟವನಲ್ಲ, ತಂದೆ ಸತ್ತಮೇಲೆ ತಮ್ಮನನ್ನು ಸಾಕಿದವನು ಅವನೇ. ತಾನು ಗಂಡಸು ಎಂಬುದನ್ನು ದಿನಕ್ಕೆ ನಾಲ್ಕು ಸಲ ಮನೆಯವರಿಗೆ ನೆನಪಿಸದಿದ್ದರೆ ತನಗೇ ಮರೆತುಹೋಗಬಹುದು ಎನ್ನುವ ಭಯ ಅವನಿಗೆ. ತಮ್ಮ ತನ್ನಿಷ್ಟದ ಹುಡುಗಿಯನ್ನು ಮದುವೆಯಾದಾಗ ಅವನನ್ನು ಮನೆಯಿಂದ ಹೊರಹಾಕುತ್ತಾನೆ. ಈ ತನಕ ಅಪ್ಪ ಪೂರ್ತಿ ಅಣ್ಣನ ಪಕ್ಷ. ಮಧ್ಯಂತರದಲ್ಲಿ ಎಡಗೈಯಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ, ದೊಡ್ಡವನನ್ನು ಒಂದು ಮಾತು ಕೇಳಿದ್ದರೆ ಆ ಹುಡುಗನ ಗಂಟೇನು ಹೋಗುತ್ತಿತ್ತು ಎಂದು ನನಗೆ ಬುದ್ಧಿ ಹೇಳಿದರು. ಆ ಹುಡುಗ ನಾನೇ ಎಂಬಂತೆ ನಾನೂ ತಲೆ ತಗ್ಗಿಸಿದೆ.

ಮಧ್ಯಂತರದ ನಂತರ ಅಣ್ಣ ಮನೆಯ ಹೆಂಚು ಸರಿಮಾಡಲು ಹತ್ತಿ ಬೀಳುತ್ತಾನೆ. ಎರಡೂ ಕೈಗೆ ಪ್ಲಾಸ್ಟರ್. ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ. ಯಾರೂ ಕರೆಯದೆ ತಮ್ಮ ಬರುತ್ತಾನೆ. ಮೊದಲ ದಿನ ಟೀ ಮಾಡಿ ಲೋಟವನ್ನು ಅಣ್ಣನ ಬಾಯಿಗೆ ಹಿಡಿಯುತ್ತಾನೆ, ಅಣ್ಣ ಮುಖ ತಿರುಗಿಸುತ್ತಾನೆ, ಟೀ ಆರಿಹೋಗುತ್ತದೆ. ಮಾರನೆಯ ದಿನ ಅವನನ್ನು ಹಿತ್ತಿಲಿನ ಕಲ್ಲಿನ ಮೇಲೆ ಕೂರಿಸಿ ತಲೆಗೆ ನೀರು ಹಾಕುತ್ತಾನೆ. ಸಂಗೀತ ಇಲ್ಲ, ಮಾತಿಲ್ಲ. ಚೊಂಬಿನ ನೀರಿನ ಸದ್ದು ಮಾತ್ರ. ತಮ್ಮನ ಬೆರಳು ಅಣ್ಣನ ಕೂದಲಲ್ಲಿ, ಕಿವಿಯ ಹಿಂದೆ, ಕತ್ತಿನ ಮೇಲೆ ನಿಧಾನಕ್ಕೆ ಓಡಾಡುತ್ತದೆ. ಅಷ್ಟು ದೊಡ್ಡ ಮೀಸೆ ನೀರಿಗೆ ಒದ್ದೆಯಾಗಿ ಎರಡು ಕಡೆಗೆ ಜೋತುಬೀಳುತ್ತದೆ. ಅವನು ಕಣ್ಣು ಮುಚ್ಚಿಕೊಂಡಿದ್ದಾನೆ. ಅಳುತ್ತಿದ್ದಾನೋ ನೀರೋ ಗೊತ್ತಾಗುವುದಿಲ್ಲ.

ನನಗೆ ಗೊತ್ತಾಗಲಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು, ನನ್ನ ಕನ್ನಡಕ ಮಂಜಾಗಿತ್ತು. ಒರೆಸಿಕೊಂಡು ಪಕ್ಕಕ್ಕೆ ನೋಡಿದರೆ ಅಪ್ಪನ ಸೀಟು ಖಾಲಿ. ಫೋನನ್ನು ಕಿವಿಗಿಟ್ಟುಕೊಂಡು ಬಾಗಿಲ ಕಡೆಗೆ ಹೋಗುತ್ತಿದ್ದರು. ಆ ಫೋನು ರಿಂಗ್ ಆಗಿರಲಿಲ್ಲ. ಪಕ್ಕದಲ್ಲೇ ಕೂತವನಿಗೆ ಅಷ್ಟು ಗೊತ್ತು.

ಹಿಂದೆಯೇ ಹೋದೆ. ಕೆಳಗೆ ಪಾರ್ಕಿಂಗಿನಲ್ಲಿ ನನ್ನ ಸ್ಕೂಟರಿನ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಗಂಡಸರು ಪರಸ್ಪರ ಅಕ್ಕರೆ ತೋರಿಸುವುದು ಹೀಗೇ. ನಾನು ಪರೀಕ್ಷೆ ಪಾಸಾದ ದಿನ ಅಪ್ಪ ನನ್ನ ಗಾಡಿಯ ಬ್ರೇಕ್ ಸರಿಮಾಡಿಸಿದ್ದರು. ಜ್ವರ ಬಂದು ಎದ್ದಾಗ ಆಯಿಲ್ ಬದಲಾಯಿಸಿದ್ದರು. ಪ್ರೀತಿಯನ್ನು ನೇರವಾಗಿ ಮನುಷ್ಯನಿಗೆ ಕೊಡುವುದು ಮುಜುಗರ, ಅವನ ಗಾಡಿಗೆ ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಆ ಬ್ಯಾಂಡ್‌ಸೆಟ್ಟಿನ ಅಣ್ಣನಿಗೆ ಪಾಪ ಒಂದು ಸ್ಕೂಟರ್ ಇದ್ದಿದ್ದರೆ ಸಿನಿಮಾ ಅರ್ಧಕ್ಕೇ ಮುಗಿದುಹೋಗುತ್ತಿತ್ತು.

‘ಗಾಳಿ ಕಮ್ಮಿ ಐತೆ’ ಅಂದರು. ಗಾಳಿ ಸರಿಯಾಗೇ ಇತ್ತು. ನಾನು ಹೂಂ ಅಂದೆ. ಹೆಲ್ಮೆಟ್ ಹಾಕಿಕೊಳ್ಳುವಾಗ ಅವರೇ ಕೇಳಿದರು.

‘ಅವ್ನು ಕಣ್ಣು ಮುಚ್ಕೊಂಡಿದ್ನಲ್ಲ, ಸೋಪು ಓಗಿತ್ತಾ ಕಣ್ಣಿಗೆ?’

‘ಇರ್ಬೋದು.’

‘ನಮ್ ಮುನಿರಾಜಂಗೂ ಸೋಪು ಅಂದ್ರೆ ಆಗ್ತಿರ್ಲಿಲ್ಲ. ನಮ್ಮವ್ವ ಹೊಲಕ್ಕೆ ಓದ್ರೆ ನಾನೇ ನೀರ್ ಹುಯ್ಬೇಕು. ಮೆದೆ ಹಿಂದೆ ಓಗಿ ಬಚ್ಚಿಟ್ಕೊಳೋನು. ಎಳ್ಕೊಂಡ್ ಬಂದು ತಿಕ್ತಿದ್ದೆ.’

ಅಷ್ಟು ಹೇಳಿ ಹಿಂದೆ ಕೂತರು. ಮುನಿರಾಜು ನನ್ನ ಚಿಕ್ಕಪ್ಪನ ಹೆಸರು. ಏಳು ವರ್ಷಗಳಲ್ಲಿ ಅಪ್ಪನ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಅವತ್ತಿನ ಪುಟದಲ್ಲಿ ಅದನ್ನು ಬರೆದು, ಕೆಳಗೆ ಗೆರೆ ಎಳೆದಿದ್ದೇನೆ. ಸಿನಿಮಾದ ಹೆಸರು ಬರೆಯುವುದು ಮರೆತದ್ದು ಆ ಗೆರೆಯ ಸಂಭ್ರಮದಲ್ಲೇ ಇರಬೇಕು.

ಆಮೇಲೆ ಏನೂ ಆಗಲಿಲ್ಲ. ಸಿನಿಮಾ ನೋಡಿ ಯಾರೂ ಬದಲಾಗುವುದಿಲ್ಲ, ಬದಲಾಗುವಂತಿದ್ದರೆ ನಮ್ಮ ಊರಿನ ಟೆಂಟಿನಲ್ಲಿ ತಾತನ ಕಾಲದಿಂದ ನೋಡಿದ ಸಿನಿಮಾಗಳಿಗೆ ನಾವೆಲ್ಲ ದೇವತೆಗಳಾಗಬೇಕಿತ್ತು. ಅಪ್ಪ ಮತ್ತೆ ‘ಪಕ್ಕದ್ಮನೆಯೋನು’ ಎನ್ನತೊಡಗಿದರು. ಭುಜ ಇನ್ನಷ್ಟು ಬಿಗಿಯಿತು. ಆಗಸ್ಟ್ ಕಳೆಯಿತು, ಗೌರಿ ಗಣೇಶ ಕಳೆಯಿತು, ಪಿತೃಪಕ್ಷ ಬಂತು.

ನಿಮ್ಮ ಮನೆಯಲ್ಲಿ ಹೇಗೋ, ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ತಾತನ ಫೋಟೋ ಮುಂದೆ ಹೊಸ ಪಂಚೆ, ಬಾಳೆಲೆಯಲ್ಲಿ ಮುದ್ದೆ, ಕೋಳಿಸಾರು, ವಡೆ, ಪಾಯಸ, ಒಂದು ಕಟ್ಟು ಬೀಡಿ. ಪೂಜೆಯಾದ ಮೇಲೆ ಒಂದು ಎಲೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿ, ಮಹಡಿಯಲ್ಲಿ ಮೆಟ್ಟಿಲುಕೋಣೆಯ ತಾರಸಿಯ ಅಂಚಿಗೆ ಇಡಬೇಕು. ಬೆಕ್ಕು ಹತ್ತದಷ್ಟು ಎತ್ತರ ಅದು. ಕಾಗೆ ಬಂದು ಮುಟ್ಟಿದ ಮೇಲೆ ಮನೆಯವರ ಊಟ. ಎಲೆ ಇಡುವವರು ತಾತನ ಮಗನೇ ಆಗಿರಬೇಕು, ಬಲಗೈಯಲ್ಲೇ ಇಡಬೇಕು. ತಂದೆ ಬದುಕಿರುವವರು ಆ ಎಲೆ ಮುಟ್ಟುವಂತಿಲ್ಲ. ಅಂದರೆ ನಾನು ಮುಟ್ಟುವಂತಿಲ್ಲ.

ಮರ ಕಡಿದ ಮರುವರ್ಷದಿಂದ ತಾತನಿಗೆ ಎರಡು ಎಡೆ. ಗೋಡೆಯ ಈಚೆ ಒಂದು, ಆಚೆ ಒಂದು. ನಮ್ಮ ಕಡೆ ಬೀಡಿ, ಆ ಕಡೆ ಸಿಗರೇಟು, ಏಕೆಂದರೆ ತಾತ ಕೊನೆಗಾಲದಲ್ಲಿ ಸಿಗರೇಟಿಗೆ ಬಡ್ತಿ ಪಡೆದಿದ್ದರು ಎಂದು ಚಿಕ್ಕಪ್ಪನ ನೆನಪು. ಆದರೆ ಬರುವ ಕಾಗೆ ಒಂದೇ. ಅದು ಯಾರ ಎಲೆಯನ್ನು ಮೊದಲು ಮುಟ್ಟುತ್ತದೆ ಎನ್ನುವುದು ತಾತನ ತೀರ್ಪು ಎಂಬಂತೆ ಇಬ್ಬರೂ ತಮ್ಮ ತಮ್ಮ ಮಹಡಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಲೆಕ್ಕ ಇಟ್ಟವನು ನಾನು. ಕಳೆದ ವರ್ಷದವರೆಗೆ ಆರು ಅಮಾವಾಸ್ಯೆಯಲ್ಲಿ ನಮಗೆ ಮೂರು, ಅವರಿಗೆ ಎರಡು. ಒಂದು ವರ್ಷ ಕಾಗೆ ನಡುಗೋಡೆಯ ಮೇಲೆ ಕೂತು ಎರಡೂ ಕಡೆ ನೋಡಿ, ಪಕ್ಕದ ಬೀದಿಗೆ ಹಾರಿಹೋಯಿತು. ಅವತ್ತು ಎರಡೂ ಮನೆಯಲ್ಲಿ ಊಟ ತಡವಾಯಿತು. ಅಮ್ಮ ನನಗೆ ಮಾತ್ರ ಕೇಳುವಂತೆ, ನಿಮ್ಮ ತಾತನಿಗಿದ್ದಷ್ಟು ಬುದ್ಧಿ ಅವರ ಮಕ್ಕಳಿಗೆ ಬರಲಿಲ್ಲ ಎಂದಳು.

ನಿನ್ನೆ ಅಪ್ಪ ಎಲೆ ಹಿಡಿದು ಮಹಡಿಗೆ ಬಂದರು. ನಾನು ಹಿಂದೆ ನೀರಿನ ಚೊಂಬು ಹಿಡಿದಿದ್ದೆ. ಎಲೆಯನ್ನು ಬಲ ಅಂಗೈ ಮೇಲಿಟ್ಟು ಎತ್ತಲು ನೋಡಿದರು. ಎದೆಯವರೆಗೆ ಬಂತು, ನಿಂತಿತು. ಬೆನ್ನು ಹಿಂದಕ್ಕೆ ಬಾಗಿಸಿದರು, ತುದಿಗಾಲಲ್ಲಿ ನಿಂತರು. ಸಾರು ಮೊಣಕೈವರೆಗೆ ಇಳಿಯಿತು. ಒಂದು ಕ್ಷಣ ಎಲೆಯನ್ನು ಎಡಗೈಗೆ ಕೊಡಲು ಹೋಗಿ, ತಡೆದುಕೊಂಡರು. ಸ್ಟೂಲು ತರಲೇ ಎಂದೆ. ತಲೆ ಅಲ್ಲಾಡಿಸಿದರು, ಬೇಕೆಂದೋ ಬೇಡವೆಂದೋ ತಿಳಿಯಲಿಲ್ಲ. ಕ್ಲಿನಿಕ್ಕಿನಲ್ಲಿ ನನಗೆ ಎಲ್ಲ ಗೊತ್ತು. ಅಲ್ಲಿ ನಿಂತಾಗ ನನ್ನ ಎರಡು ಕೈಗಳು, ನನ್ನ ಡಿಗ್ರಿ, ಯಾವುದೂ ಆ ಎಲೆಗೆ ಸಲ್ಲುವಂತಿರಲಿಲ್ಲ. ಅಪ್ಪನ ಮುಖ ನೋಡಿದೆ. ಓದಲು ಹೆಂಡತಿಯ ಹುಬ್ಬು ಬೇಕಾಗಲಿಲ್ಲ. ತಾತನಿಗೆ ಈ ವರ್ಷ ತನ್ನ ಕಡೆಯಿಂದ ಊಟವಿಲ್ಲ ಎಂದು ಅದರಲ್ಲಿ ಬರೆದಿತ್ತು.

ಆ ಎಲೆಗೆ ಕೈ ಹಚ್ಚುವ ಹಕ್ಕು ಅಪ್ಪನನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೊಬ್ಬರಿಗೆ ಮಾತ್ರ ಇತ್ತು. ಅವರು ತಮ್ಮ ಎಲೆ ಇಟ್ಟು, ಗೋಡೆಯಾಚೆ ಕೈಕಟ್ಟಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ಚಿಕ್ಕಪ್ಪ ಗೋಡೆ ಹತ್ತಿದರು. ಸುಲಭದ ದೃಶ್ಯವಲ್ಲ ಅದು. ಐವತ್ತು ದಾಟಿದವರು, ಹೊಟ್ಟೆ ಇದೆ, ಪಂಚೆ ಉಟ್ಟಿದ್ದಾರೆ. ಪೇಂಟಿನ ಖಾಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು, ಗೋಡೆಯ ಮೇಲೆ ಹೊಟ್ಟೆಯಲ್ಲಿ ಮಲಗಿ, ಈ ಕಡೆಗೆ ಉರುಳಿದರು. ಎದ್ದು ಪಂಚೆ ಸರಿಮಾಡಿಕೊಂಡರು. ಅಣ್ಣನ ಹತ್ತಿರ ಬಂದು, ಮುಖ ನೋಡದೆ, ಮೊಣಕೈ ಕೆಳಗೆ ತಮ್ಮ ಅಂಗೈ ಕೊಟ್ಟು ಕೈಯನ್ನು ಎತ್ತಿದರು. ಗಡಿಬಿಡಿಯಲ್ಲಿ ಜಾಸ್ತಿಯೇ ಎತ್ತಿದರು. ಏಳು ವರ್ಷಗಳ ನಂತರ ಅಪ್ಪ ತಮ್ಮನಿಗೆ ಆಡಿದ ಮೊದಲ ಮಾತು ಇದು:

‘ಮೆತ್ಗೆ ಎತ್ತೋ. ಕಿತ್ಕೊಂಡ್ ಬಂದ್ರೆ ಕೈಯೂ ಕಾಗೆಗೇ ಇಕ್ತೀಯಾ?’

‘ಬಾಯೊಂದು ಚೆನ್ನಾಗಿ ಏಳ್ತೈತೆ’ ಅಂದರು ಚಿಕ್ಕಪ್ಪ.

ಎಲೆ ತಾರಸಿಯ ಅಂಚು ಮುಟ್ಟಿತು. ಕೈಯನ್ನು ಹಾಗೇ ಹಿಡಿದುಕೊಂಡು ಚಿಕ್ಕಪ್ಪ ನಿಧಾನವಾಗಿ ಇಳಿಸಿದರು. ಈ ಸಲ ಸರಿಯಾದ ವೇಗದಲ್ಲಿ, ನಾನೇ ಕಲಿಸಿಕೊಟ್ಟಿದ್ದೆನೋ ಎಂಬ ಹಾಗೆ. ಎಷ್ಟು ದಿನದಿಂದ ಹೀಗೆ ಎಂದು ಅವರು ಕೇಳಿದರು. ಏಪ್ರಿಲ್‌ನಿಂದ ಎಂದರು ಅಪ್ಪ.

‘ಯೋಳ್ಬಾರ್ದಾ?’

‘ಯಾರ್ಗೆ?’

ಚಿಕ್ಕಪ್ಪ, ಅಪ್ಪನ ಮೊಣಕೈಗೆ ಇಳಿದಿದ್ದ ಸಾರನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿದರು. ಹೊಸ ಪಂಚೆ ಅದು, ಕೋಳಿಸಾರಿನ ಕಲೆ ಹೋಗುವುದಿಲ್ಲ, ಚಿಕ್ಕಮ್ಮ ಏನನ್ನುತ್ತಾರೋ ಎಂದು ನಾನು ಯೋಚಿಸುತ್ತಿದ್ದೆ. ಯೋಚನೆ ಮುಗಿದು ಮೇಲೆ ನೋಡುವಷ್ಟರಲ್ಲಿ ಎರಡೂ ಎಲೆಗಳನ್ನು ಕಾಗೆ ಕೆದಕಿತ್ತು. ಯಾವುದನ್ನು ಮೊದಲು ಮುಟ್ಟಿತು ಎಂದು ನಮ್ಮ ಮೂವರಲ್ಲಿ ಒಬ್ಬರೂ ನೋಡಲಿಲ್ಲ. ೨೦೧೯ರ ಎದುರು ನನ್ನ ಲೆಕ್ಕದಲ್ಲಿ ಜಾಗ ಖಾಲಿ ಇದೆ.

ಹುಣಸೆಮರದ ಮಾತು ಯಾರೂ ಎತ್ತಿಲ್ಲ. ಅದು ಯಾವತ್ತಾದರೂ ಏಳುತ್ತದೆ, ಜಗಳವೂ ಆದೀತು. ಆದರೆ ಇವತ್ತು ಬೆಳಿಗ್ಗೆ ಅಪ್ಪ ತಾವಾಗಿಯೇ ಮಹಡಿಗೆ ಬಂದು, ವ್ಯಾಯಾಮ ಶುರುಮಾಡೋಣ ಎಂದರು. ನಾನು ತೋಳಿಗೆ ಕೈಹಾಕಲು ಹೋದರೆ, ‘ನೀನು ಎಣ್ಸು, ಅವ್ನು ಇಡ್ಕಳ್ಲಿ’ ಅಂದರು. ಚಿಕ್ಕಪ್ಪ ಮತ್ತೆ ಬಕೆಟ್ ಹತ್ತಿ ಬಂದರು. ಎರಡು ಮನೆಗೂ ಮುಂಬಾಗಿಲುಗಳಿವೆ ಎಂದು ನಾನು ನೆನಪಿಸಲಿಲ್ಲ. ನಾನು ಹತ್ತು ಎಣಿಸಿದೆ. ನಡುವೆ ಅಪ್ಪ ತಮ್ಮನಿಗೆ ಆ ಮಲಯಾಳಂ ಕಥೆಯನ್ನು ಹೇಳತೊಡಗಿದರು. ತುತ್ತೂರಿ, ಡ್ರಮ್ಮು, ಮೀಸೆ, ಪ್ಲಾಸ್ಟರು, ಹಿತ್ತಿಲಿನ ಕಲ್ಲು. ತಮ್ಮ ನೀರು ಹುಯ್ದ ಎನ್ನುವಲ್ಲಿಗೆ ಬಂದು ನಿಂತರು.

ಆಮೇಲೆ ಏನಾಯಿತು, ಕಣ್ಣು ಬಿಟ್ಟು ಅಣ್ಣ ಏನಂದ, ಎಂದು ಚಿಕ್ಕಪ್ಪ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾವಿಬ್ಬರೂ ಅಲ್ಲಿಗೇ ಎದ್ದು ಬಂದಿದ್ದೆವು.

ಆಗಿನಿಂದ ಇಬ್ಬರದೂ ವಾದ ನಡೆದಿದೆ. ಅಣ್ಣ ಕಣ್ಣು ಬಿಟ್ಟು ತಮ್ಮನ ಹತ್ತಿರ ತಪ್ಪಾಯಿತು ಎಂದಿರುತ್ತಾನೆ ಎಂದು ಅಪ್ಪ. ಅಣ್ಣಂದಿರು ಅಂಥ ಮಾತು ಆಡುವುದಿಲ್ಲ, ಕಣ್ಣಿಗೆ ಸೋಪು ಹೋಯಿತೆಂದು ಬೈದಿರುತ್ತಾನೆ, ತಮ್ಮನಿಗೆ ಅಷ್ಟೇ ಸಾಕಾಗಿರುತ್ತದೆ ಎಂದು ಚಿಕ್ಕಪ್ಪ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ಮೇಲಿನಿಂದ ಅವರ ದನಿ ಕೇಳುತ್ತಿದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಆ ಚಿತ್ರವನ್ನು ಕೊನೆಯವರೆಗೆ ಕೂತು ನೋಡಿದವರು ನಿಮ್ಮಲ್ಲಿದ್ದರೆ, ಹೆಸರೇನು, ಅಣ್ಣ ಏನಂದ, ಈ ಎರಡನ್ನು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ತಿಳಿಸಿ. ಅವಸರವೇನಿಲ್ಲ. ಅಪ್ಪನ ಭುಜ ಪೂರ್ತಿ ಸಡಿಲವಾಗಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಅವರಿಬ್ಬರಿಗೆ ಮಾತಾಡಲು ಏನಾದರೂ ಬೇಕು.